ಗೊತ್ತಿದ್ದೂ ಬಾಯಿ ಬಿಡಲಿಲ್ಲ

ಇವತ್ತು ಟೊಮೆಟೊಗೆ ಗೂಟ ನೆಡ್ತಾ ಇದ್ದಾಗ 2023ರ ಜುಲೈ ನೆನಪಾಯ್ತು.

ಆಗ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತಿದ್ದು ನಿಮಗೂ ನೆನಪಿರುತ್ತೆ. ನಮ್ಮೂರ ಅರಳಿಕಟ್ಟೆ ಮೇಲೆ ಎಂಟು ಜನ ಸೇರಿದ್ವಿ. ಒಂದು ಗಂಟೆ ಮಾತಾಡಿದ್ದು ಬರೀ ರೇಟು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಗೆ ಹಿರಿಯರೊಬ್ಬರು "ನಾನಂತೂ ಎರಡು ಎಕರೆ ಇಡ್ತೀನಿ" ಅಂದರು. ಅಲ್ಲಿಂದ ಮುಂದೆ ಎಲ್ಲರದ್ದೂ "ನಾನೂ ಇಡ್ತೀನಿ."

ಹಿಂದಿನ ದಿನ ನಾನು ನರ್ಸರಿಗೆ ಹೋಗಿದ್ದೆ. ಇನ್ನು ಇಪ್ಪತ್ತು ದಿನ ಸಸಿ ಇಲ್ಲ, ಎಲ್ಲಾ ಬುಕ್ ಆಗಿದೆ ಅಂದಿದ್ದರು. ಅಷ್ಟು ಸಸಿ ಒಟ್ಟಿಗೆ ನಾಟಿಯಾದರೆ ಎರಡು ಎರಡೂವರೆ ತಿಂಗಳಿಗೆ ಕಾಯಿಯೂ ಒಟ್ಟಿಗೇ ಬರುತ್ತೆ. ಇದು ತಿಳಿಯೋಕೆ ದೊಡ್ಡ ಓದು ಬೇಕಿಲ್ಲ. ಆದರೂ ಬಾಯಿ ಬಿಡಲಿಲ್ಲ. ಎಲ್ಲರೂ ಖುಷಿಯಲ್ಲಿದ್ದಾಗ ಅಪಶಕುನ ನುಡಿಯೋದು ಯಾಕೆ ಅನ್ನಿಸ್ತು. ಹೆಂಡತಿ ಬಳೆ ಅಡವಿಟ್ಟು, ಬೇರೆ ಕಡೆಯಿಂದ ಹೆಚ್ಚು ದುಡ್ಡಿಗೆ ಸಸಿ ತಂದು ನಾನೂ ಒಂದು ಎಕರೆ ಇಟ್ಟೆ.

ಕಾಯಿ ಚೆನ್ನಾಗೇ ಬಂತು. ರೇಟು ಬಿದ್ದುಹೋಗಿತ್ತು. ಕೂಲಿ, ಬಾಡಿಗೆ, ಕಮಿಷನ್ ಕಳೆದರೆ ಕೈಗೆ ಏನೂ ಇಲ್ಲ. ಕೊನೆ ಎರಡು ಕೊಯ್ಲು ಗಿಡದಲ್ಲೇ ಬಿಟ್ಟೆ.

ಆಮೇಲೆ ಅದೇ ಕಟ್ಟೆ ಮೇಲೆ ಒಬ್ಬೊಬ್ಬರೇ ಹೇಳಿದ್ರು. ಒಬ್ಬರ ತಮ್ಮ ಲಾರಿ ಓಡಿಸ್ತಾನೆ, ನಾಸಿಕ್ ಕಡೆ ವಿಪರೀತ ನಾಟಿಯಾಗಿದೆ ಅಂದಿದ್ದನಂತೆ. ಇನ್ನೊಬ್ಬರಿಗೆ ಮಂಡಿಯವರು "ಈ ರೇಟು ನಿಲ್ಲಲ್ಲ" ಅಂದಿದ್ದರಂತೆ. ನನ್ನದು ನರ್ಸರಿ ಮಾತು. ಈ ಮೂರೂ ಅವತ್ತೇ ಹೊರಗೆ ಬಂದಿದ್ದರೆ ಎಂಟು ಜನರಲ್ಲಿ ಅರ್ಧ ಜನವಾದ್ರೂ ಹಿಂದೆ ಸರೀತಿದ್ವಿ.

ಕಾಲೇಜು ಓದೋ ಮಗಳಿಗೆ ಹೇಳಿದೆ. ಅಮೆರಿಕದ ಸ್ಟಾಸರ್, ಟೈಟಸ್ ಅನ್ನೋರು 1985ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರಂತೆ. ಗುಂಪು ಕೂತರೆ ಎಲ್ಲರಿಗೂ ಗೊತ್ತಿರೋದೇ ಮತ್ತೆ ಮತ್ತೆ ಮಾತಿಗೆ ಬರುತ್ತೆ, ಒಬ್ಬನಿಗೆ ಮಾತ್ರ ಗೊತ್ತಿರೋದು ಒಳಗೇ ಉಳಿಯುತ್ತೆ ಅಂತ. ನಮ್ಮ ಕಟ್ಟೆ ಕಥೆಯೇ.

ಈಗ ನಾವು ಕೂತರೆ ಮೊದಲೇ "ಇಡ್ತೀನಿ", "ಇಡಲ್ಲ" ಅನ್ನೋ ಹಾಗಿಲ್ಲ. ಬೇರೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಪ್ರತಿಯೊಬ್ಬರೂ ಹೇಳಬೇಕು. ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ರೇಟು ನಮ್ಮ ಕೈಲಿಲ್ಲ, ಮಾತಾದ್ರೂ ನಮ್ಮ ಕೈಲಿದೆ.

ಬಳೆ ಬಿಡಿಸೋಕೆ ಹದಿನಾಲ್ಕು ತಿಂಗಳು ಬೇಕಾಯ್ತು. ಈ ಸಲ ನಿಮ್ಮ ಕಡೆ ನರ್ಸರಿಯಲ್ಲಿ ಬುಕಿಂಗ್ ಹೇಗಿದೆ? ಕೆಳಗೆ ಬರೀರಿ.