ಪಾರ್ಶ್ವವಾಯುವೂ ಪ್ರಾಣವಾಯುವೂ

ಪಾರ್ಶ್ವವಾಯು ಬಡಿದವರಿಗೆ ಪ್ರಾಣವಾಯುವನ್ನು ಕೊಟ್ಟರೆ ಮಿದುಳು ಉಳಿದೀತೆಂಬ ಆಸೆ ಸಹಜವಾದುದು. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿನಷ್ಟಿರುವ ಮಿದುಳು, ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಬೇಡುವುದು.

ನಮ್ಮ ಸೋದರತ್ತೆಯವರ ಬಲಗೈ ಸೋತು ಮಾತು ತೊದಲಿದ ದಿನ, ಮನೆಗೇ ಆಮ್ಲಜನಕದ ಸಿಲಿಂಡರನ್ನು ತರಿಸೋಣವೆಂದು ಬಂಧುಗಳು ಹೇಳಿದರು. ನಾವು ಅದಕ್ಕೆ ಕಾಯದೆ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಬೆರಳಿಗೆ ಯಂತ್ರವನ್ನಿಟ್ಟು, ತಲೆಯ ಸ್ಕ್ಯಾನ್ ಮಾಡಿಸಿ ನೋಡಿ, "ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆ, ಮುಚ್ಚಿರುವುದು ಅದರ ದಾರಿ" ಎಂದರು. ಅತ್ತೆಯವರ ಮಾತು ಮರಳಿತು. ಕೈ ಇನ್ನೂ ಪೂರ್ಣವಾಗಿ ಮರಳಿಲ್ಲ.

ವೈದ್ಯರ ಮಾತಿಗೆ ಆಧಾರವುಂಟು. 2008ರಿಂದ 2013ರವರೆಗೆ ಬ್ರಿಟನ್ನಿನಲ್ಲಿ 8,003 ರೋಗಿಗಳನ್ನು ಸೇರಿಸಿಕೊಂಡ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ಕೊರತೆಯಿಲ್ಲದವರಿಗೆ ಮೂಗಿನ ನಳಿಗೆಯಿಂದ ಕೊಟ್ಟ ಆಮ್ಲಜನಕವು ಮರಣವನ್ನಾಗಲಿ ಅಂಗವೈಕಲ್ಯವನ್ನಾಗಲಿ ತಗ್ಗಿಸಿರಲಿಲ್ಲ. ತೂಬು ಮುಚ್ಚಿದ ಮೇಲೆ ಕೆರೆಯಲ್ಲಿ ನೀರೆಷ್ಟಿದ್ದರೇನು, ಗದ್ದೆ ಒಣಗದಿದ್ದೀತೆ? ಕೊರತೆಯುಳ್ಳವರಿಗಾದರೋ ವೈದ್ಯರು ಕೊಟ್ಟೇ ಕೊಡುವರು. ರಕ್ತದ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯೊಡನೆ ಆಮ್ಲಜನಕವನ್ನೂ ಕೊಟ್ಟು ಗುಣ ಕಂಡ ವರದಿಯೊಂದು 2025ರಲ್ಲಿ ಚೀನಾದಿಂದ ಬಂದಿದೆ. ಅಲ್ಲಿಯೂ ದಾರಿಯನ್ನು ತೆರೆಯುವ ಕಾರ್ಯವನ್ನು ಬಿಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಹೆಪ್ಪನ್ನು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಗಡುವು. ಆದುದರಿಂದ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಗೃಹಸ್ಥರು ಗಡಿಯಾರವನ್ನು ನೋಡಿ ಸಮಯವನ್ನು ಗುರುತಿಟ್ಟುಕೊಂಡು ಕೂಡಲೇ ಹೊರಡತಕ್ಕದ್ದು. ಮಿದುಳನ್ನು ಕಾಯುವುದರಲ್ಲಿ ಮನೆಯವರ ಪಾಲು ಇದೇ.