ರಾಗಿಗೆ ಮರಿ ಹಾಕಿಸಬೇಕೇ?

ಮನೆಯಲ್ಲಿ ಹೆಣ್ಣು ನಾಯಿ ಇದ್ದರೆ, ‘ಯಾವಾಗ ಮರಿ ಹಾಕಿಸ್ತೀರಿ?’ ಎಂಬ ಪ್ರಶ್ನೆ ನಿಮಗೂ ಬಂದಿರುತ್ತದೆ. ನಮ್ಮ ಲ್ಯಾಬ್ರಡಾರ್ ಹೆಸರು ರಾಗಿ, ಬಣ್ಣವೂ ಅದೇ. ಅವಳಿಗೆ ಮೂರು ತುಂಬುತ್ತಿದ್ದಂತೆ ಇಲ್ಲಿ ಹ್ಯಾರೋದಲ್ಲಿರುವ ಇಬ್ಬರು ಕನ್ನಡದ ಸ್ನೇಹಿತರು ‘ನಮಗೊಂದು ಮರಿ’ ಎಂದು ಹೇಳಿಟ್ಟರು. ಮೈಸೂರಿನಿಂದ ಅತ್ತೆ ಫೋನಿನಲ್ಲಿ, “ಹೆಣ್ಣು ಜೀವ ಕಣಮ್ಮಾ, ಒಂದು ಸಲನಾದ್ರೂ ತಾಯಿ ಆಗ್ಬೇಕು” ಎಂದರು. ಎಂಟು ವರ್ಷದ ಮಗಳಂತೂ ಹೆಸರುಗಳನ್ನೇ ಬರೆದಿಟ್ಟಳು: ಜೋಳ, ಸಜ್ಜೆ, ನವಣೆ.

ಒಂದು ಸೂಲಾದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿನ ಇಂಗ್ಲಿಷರಲ್ಲೂ ಇದೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಹಾಗಾಗಿ ಬೇರೆ ಕಾರಣ ಇದೆಯೇ ಎಂದು ನೋಡಬೇಕಾಯಿತು. ವೃತ್ತಿಯಿಂದ ಸಂಶೋಧಕಿಯಾದ ನಾನು ಪರೀಕ್ಷೆಗಳಿಂದ ಶುರುಮಾಡಿದೆ.

ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಕಂಡಿರುವ ನಮಗೆ ರಕ್ತಸಂಬಂಧದ ಅಪಾಯವನ್ನು ವಿವರಿಸಬೇಕಿಲ್ಲ. ತಳಿನಾಯಿಗಳಲ್ಲಿ ಅದು ಇನ್ನೂ ಬಿಗಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಕೆನಲ್ ಕ್ಲಬ್ಬಿನ ದಾಖಲೆಗಳಿಂದ ಹತ್ತು ತಳಿಗಳ ವಂಶಾವಳಿ ನೋಡಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ತಳಿಗಳಲ್ಲಿ ಸಾವಿರಾರು ನಾಯಿಗಳಿದ್ದರೂ, ಒಳಸಂಬಂಧದ ಲೆಕ್ಕದಲ್ಲಿ ಅವು ಕೇವಲ 40ರಿಂದ 80 ನಾಯಿಗಳ ಗುಂಪಿಗೆ ಸಮ. ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿ ಕೂಡಿ ಹುಟ್ಟಿದ ಮರಿಗಳ ನೋಂದಣಿಯನ್ನು ಕೆನಲ್ ಕ್ಲಬ್ 2009ರಲ್ಲಿ ನಿಲ್ಲಿಸಿತು.

ರಾಗಿಯ ಸೊಂಟದ ಎಕ್ಸ್‌ರೇ ತೆಗೆಸಿದೆವು. ಇಲ್ಲಿ ತಜ್ಞರು ಒಂದೊಂದು ಕೀಲಿಗೂ 0ಯಿಂದ 53ರವರೆಗೆ ಅಂಕ ಕೊಡುತ್ತಾರೆ. ಕಡಿಮೆ ಬಂದಷ್ಟೂ ಒಳ್ಳೆಯದು. ಅವಳದು ಚೆನ್ನಾಗಿತ್ತು. ಡಿಎನ್‌ಎ ಪರೀಕ್ಷೆಯಲ್ಲಿ ಮಾತ್ರ, ಅಕ್ಷಿಪಟ ನಿಧಾನವಾಗಿ ಕೆಟ್ಟು ದೃಷ್ಟಿ ಹೋಗುವ ಪಿಆರ್‌ಎ ಕಾಯಿಲೆಯ ವಾಹಕಿ ಎಂದು ಬಂತು. ಅವಳಿಗೇನೂ ಆಗುವುದಿಲ್ಲ. ಆದರೆ ಗಂಡೂ ವಾಹಕವಾಗಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆ ದೋಷವಿಲ್ಲದ ಗಂಡಾದರೆ ಯಾವ ಮರಿಗೂ ಆ ಕಾಯಿಲೆ ಬರದು. ಅಂದರೆ ಸರಿಯಾದ ಗಂಡನ್ನು ಹುಡುಕಿದರೆ ವಿಜ್ಞಾನದ ಅಡ್ಡಿಯಿರಲಿಲ್ಲ.

ಕಾನೂನಿನದೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹನ್ನೆರಡು ತಿಂಗಳಲ್ಲಿ ಮೂರು ಅಥವಾ ಹೆಚ್ಚು ಸೂಲು ಮಾಡಿಸಿದರೆ, ಇಲ್ಲವೇ ಮರಿ ಮಾರುವುದನ್ನು ವ್ಯಾಪಾರವಾಗಿ ನಡೆಸಿದರೆ ಕೌನ್ಸಿಲ್‌ನ ಲೈಸೆನ್ಸ್ ಬೇಕು. ಮನೆಯಲ್ಲಿ ಒಮ್ಮೆ ಹಾಕಿಸುವವರು ಎಂಟು ವಾರದೊಳಗೆ ಪ್ರತಿ ಮರಿಗೂ ತಮ್ಮ ಹೆಸರಿನಲ್ಲಿ ಮೈಕ್ರೋಚಿಪ್ ಹಾಕಿಸಬೇಕು.

ಉಳಿದದ್ದು ನಮ್ಮ ಮನೆಯ ಲೆಕ್ಕ. ಗಬ್ಬದ ದಿನಗಳು ಸುಮಾರು 63. ಆಮೇಲೆ ಎಂಟು ವಾರ ಮರಿಗಳು ತಾಯಿಯ ಬಳಿ. ಒಟ್ಟು ನಾಲ್ಕು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಎರಡೇ ಬೆಡ್‌ರೂಮ್, ಬೇಸಿಗೆ ರಜೆಯಲ್ಲಿ ಮೈಸೂರು. ರಾತ್ರಿ ಹೆರಿಗೆ ಕಷ್ಟವಾಗಿ ಸಿಸೇರಿಯನ್ ಬೇಕಾದರೆ ಆಪತ್ಕಾಲದ ವೆಟ್ ಬಳಿ ಓಡಬೇಕು. ಲ್ಯಾಬ್ರಡಾರ್ ಏಳೆಂಟು ಮರಿ ಹಾಕುವುದು ಸಾಮಾನ್ಯ. ಮರಿ ಕೇಳಿದ್ದ ಇಬ್ಬರನ್ನೂ ವಿಚಾರಿಸಿದೆ: “ಮನೆ ಮಾಲೀಕರು ಒಪ್ತಾರಾ? ಊರಿಗೆ ಹೋದಾಗ ಯಾರು ನೋಡ್ಕೋತಾರೆ?” ಇಬ್ಬರೂ ಬಾಡಿಗೆ ಫ್ಲ್ಯಾಟಿನವರು. ಆಮೇಲೆ ಅವರು ಮರಿಯ ಸುದ್ದಿ ಎತ್ತಲಿಲ್ಲ.

ಜವಾಬ್ದಾರಿಯಿಂದ ಮರಿ ಹಾಕಿಸುವವರು ಇನ್ನೊಂದು ಮಾತನ್ನೂ ಕೊಡುತ್ತಾರೆ: ಸಾಕಲಾಗದಿದ್ದರೆ, ಎಷ್ಟೇ ವರ್ಷವಾಗಿದ್ದರೂ, ನಮಗೇ ವಾಪಸ್ ಕೊಡಿ. ಮೇರಿ ಟೀಲ್ಬಿ 1860ರಲ್ಲಿ ಹಾಲೋವೇನಲ್ಲಿ ಶುರುಮಾಡಿದ, ಈಗ ಬ್ಯಾಟರ್‌ಸೀಯಲ್ಲಿರುವ ಆಶ್ರಯಧಾಮಕ್ಕೆ ಮನೆಯಿಲ್ಲದ ನಾಯಿಗಳು ಇಂದಿಗೂ ಬರುತ್ತಿವೆ. ಎಂಟು ನಾಯಿಗಳಿಗೆ ಹನ್ನೆರಡು ವರ್ಷದ ಮಾತು ಕೊಡಲು ನಮ್ಮಿಂದ ಆಗದು ಎಂದು ತೀರ್ಮಾನಿಸಿದೆವು.

ಮಗಳಿಗೆ ಹೇಳುವುದು ಕಷ್ಟವಿತ್ತು. ವೆಟ್ ಬಳಿ ಕೇಳಿದ ‘ಹೀಟ್’, ‘ಸ್ಪೇ’ ಅವಳಿಗೆ ಗೊತ್ತಿದ್ದವು. ಅತ್ತೆ ಹಸು ಸಾಕಿದ ಮನೆಯವರು. ವಿಡಿಯೋ ಕರೆಯಲ್ಲಿ ಅವರೇ ಬೆದೆ, ಗಬ್ಬ, ಸೂಲು ಎಂಬ ಮಾತುಗಳನ್ನು ಸಂಕೋಚವಿಲ್ಲದೆ ಮೊಮ್ಮಗಳಿಗೆ ಬಿಡಿಸಿ ಹೇಳಿದರು. ಎಲ್ಲ ಕೇಳಿ ಅತ್ತ ಮಗಳು, “ಅಮ್ಮ, ರಾಗಿನ ಕೇಳಿದ್ಯಾ?” ಎಂದಳು. “ಅವಳು ಹೇಳಕ್ಕಾಗಲ್ಲ ಪುಟ್ಟಿ, ಅದಕ್ಕೇ ಅವಳ ಪರವಾಗಿ ನಾವು ಯೋಚನೆ ಮಾಡಬೇಕು” ಎಂದೆ. ಉತ್ತರ ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಅದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ. ಬೆದೆ ಮುಗಿದು ಮೂರು ತಿಂಗಳಿಗೆ ಶಸ್ತ್ರಚಿಕಿತ್ಸೆ ಆಯಿತು; ಗರ್ಭಕೋಶದಲ್ಲಿ ಕೀವಾಗುವ ಭಯವೂ ತಪ್ಪಿತು.

ನಿಮ್ಮ ಮನೆಯ ಉತ್ತರ ಬೇರೆ ಇರಬಹುದು. ಪರೀಕ್ಷೆಗಳನ್ನು ಮಾಡಿಸಿ, ಮರಿ ಕೇಳಿದವರನ್ನು ಕೂರಿಸಿ ಮಾತಾಡಿ, ವಾಪಸ್ ಬರುವ ನಾಯಿಗೆ ಜಾಗ ಇದೆಯೇ ನೋಡಿ. ಏನೇ ನಿರ್ಧರಿಸಿದರೂ ಮಕ್ಕಳೊಂದಿಗೆ ಕನ್ನಡದಲ್ಲೇ ಚರ್ಚಿಸಿ. ಊಟ-ತಿಂಡಿಯ ಮಾತಿಗಷ್ಟೇ ಅಲ್ಲ, ಇಂಥ ಕಷ್ಟದ ಮಾತಿಗೂ ನಮ್ಮ ಭಾಷೆ ಸಾಕಾಗುತ್ತದೆ ಎಂದು ಅವರಿಗೆ ತಿಳಿಯಲಿ.