ಮೋಟಾರ್‌ಹೋಮ್‌ಗೊಂದು ಗುಪ್ತ ಸ್ವಿಚ್

ಬ್ರಿಟನ್ನಿನಲ್ಲಿ ಮೋಟಾರ್‌ಹೋಮ್ ಇಟ್ಟುಕೊಂಡ ಎಷ್ಟೋ ಜನ ಚಳಿಗಾಲವಿಡೀ ಅದನ್ನು ಮನೆ ಮುಂದೆಯೋ ಬಾಡಿಗೆ ಜಾಗದಲ್ಲೋ ನಿಲ್ಲಿಸಿಬಿಡುತ್ತಾರೆ. ಕಳವಾದರೆ ಗೊತ್ತಾಗುವುದೂ ತಡವಾಗಿಯೇ. ಹೋಗುವುದು ಬರೀ ಗಾಡಿಯಲ್ಲ. ಹಾಸಿಗೆ, ಒಲೆ, ಪಾತ್ರೆಪಗಡಿ ಸಮೇತ ಒಂದು ಸಂಸಾರ.

ಅಲ್ಲಿ ಹೊಸ ಕಾರುಗಳಿಗೆ 1998ರಿಂದಲೇ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಇಮ್ಮೊಬಿಲೈಸರ್ ಕಡ್ಡಾಯ. ಆದರೆ ಈಗಿನ ಕಳ್ಳ ಡ್ಯಾಶ್‌ಬೋರ್ಡ್ ಕೆಳಗಿರುವ, ಮೆಕ್ಯಾನಿಕ್‌ಗಳು ದೋಷ ಪತ್ತೆಗೆ ಬಳಸುವ ಒಬಿಡಿ ಪೋರ್ಟಿಗೆ ಉಪಕರಣ ಸಿಕ್ಕಿಸಿ ಹೊಸ ಕೀಲಿಯನ್ನೇ ಮಾಡಿಕೊಳ್ಳುತ್ತಾನೆ. ಯುರೋಪಿನ ಲೆಕ್ಕವಿಲ್ಲದಷ್ಟು ಮೋಟಾರ್‌ಹೋಮ್‌ಗಳು ಫಿಯೆಟ್ ಡುಕಾಟೊ ವ್ಯಾನಿನ ಮೇಲೆಯೇ ಕಟ್ಟಿದವು. ಒಂದರಲ್ಲಿ ಕೈ ಪಳಗಿದರೆ ಇನ್ನೊಂದು ಸಲೀಸು. ಅದಕ್ಕೇ ಹಳೇ ಉಪಾಯವೇ ನನಗೆ ಇಷ್ಟ: ಎಂಜಿನ್ ಶುರುಮಾಡುವ ಸ್ಟಾರ್ಟರ್ ರಿಲೇಯ ತಂತಿಯ ನಡುವೆ ಒಂದು ಸ್ವಿಚ್. ಎಲ್ಲಿದೆಯೆಂದು ಮನೆಯವರಿಗೆ ಮಾತ್ರ ಗೊತ್ತಿರಬೇಕು. ಕಳ್ಳನ ಲ್ಯಾಪ್‌ಟಾಪ್ ಅದನ್ನು ಮುಟ್ಟಲಾರದು.

ಈ ಸ್ವಿಚ್ಚನ್ನು ಡೀಸೆಲ್ ಪಂಪಿನ ತಂತಿಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಓಡುವಾಗ ಸ್ವಿಚ್ ಸಡಿಲವಾದರೆ ಮೂರೂವರೆ ಟನ್ನಿನ ಗಾಡಿ ಹೆದ್ದಾರಿಯ ನಡುವೆ ನಿಂತುಬಿಡುತ್ತದೆ, ಒಳಗೆ ಮಕ್ಕಳಿರುತ್ತಾರೆ. ಸ್ವಿಚ್ಚಿನಿಂದ ಬ್ಯಾಟರಿಯ ಸಂಪರ್ಕವನ್ನೇ ಕತ್ತರಿಸಿದರೆ ಅಲಾರಂ, ಟ್ರ್ಯಾಕರ್‌ಗಳಿಗೂ ಕರೆಂಟ್ ತಪ್ಪುತ್ತದೆ.

ಲಾರಿ ತಂದು ಎತ್ತಿಕೊಂಡು ಹೋಗುವವರನ್ನು ಈ ಸ್ವಿಚ್ ತಡೆಯದು, ಅದಕ್ಕೆ ಚಕ್ರದ ಬೀಗ ಬೇಕು. ಬಲ್ಲ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ವಿಮಾ ಕಂಪನಿಗೂ ತಿಳಿಸಿ.